ಒಟ್ಟಿಗೇ ಬೆಳೆದ ಬೆಕ್ಕುಗಳು ಕಚ್ಚಾಟಕ್ಕೆ ಬಿದ್ದಾಗ

ಕೆಂಚ, ಬೂದಿ ಒಂದೇ ಸೂಲಿನ ಮರಿಗಳು. ಮೈಸೂರಿನ ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಒಂದೇ ಬುಟ್ಟಿಯಲ್ಲಿ ಮಲಗಿ, ಒಂದರ ಕಿವಿ ಇನ್ನೊಂದು ನೆಕ್ಕಿಕೊಂಡು ಇದ್ದವು. ಎರಡಕ್ಕೂ ಸಂತಾನಹರಣದ ಆಪರೇಷನ್ ಆಗಿದೆ, ಹಾಗಾಗಿ ಬೆದೆಯ ಜಗಳದ ಮಾತೇ ಇಲ್ಲ. ಅಂಥವು ಒಂದು ಮುಸ್ಸಂಜೆ ಅಡುಗೆಮನೆ ಕಿಟಕಿಯ ಹತ್ತಿರ ಉಂಡೆಕಟ್ಟಿಕೊಂಡು ಉರುಳಾಡಿದವು. ನೆಲದ ತುಂಬ ಕೂದಲು. ಬೂದಿ ಹೆದರಿಕೆಗೆ ಅಲ್ಲೇ ಉಚ್ಚೆ ಹೊಯ್ದುಕೊಂಡಿತು. ಆಮೇಲೆ ಕೆಂಚನ ನೆರಳು ಕಂಡರೂ ಸಾಕು, ಮಂಚದಡಿಯಿಂದ ಗುರ್ ಎನ್ನುವ ಸದ್ದು.

ಇವರು ಕೈಹಾಕಿ ಬಿಡಿಸಲು ಮುಂದೆ ಹೋದರು. ನಾನು ಬೇಡವೆಂದು ತಡೆದು ಹೊದಿಕೆಯೊಂದನ್ನು ಎರಡರ ಮೇಲೂ ಎಸೆದೆ. ಹಿಡಿತ ಸಡಿಲವಾದ ಕೂಡಲೇ ಒಂದು ದೊಡ್ಡ ರಟ್ಟು ನಡುವೆ ಹಿಡಿದು ಬೂದಿಯನ್ನು ಮಲಗುವ ಕೋಣೆಯ ಕಡೆಗೆ ತಿರುಗಿಸಿ ಬಾಗಿಲು ಹಾಕಿದೆ. ಜಗಳದ ಬಿಸಿಯಲ್ಲಿರುವ ಬೆಕ್ಕಿಗೆ ಸಾಕಿದವರ ಕೈ, ಪರರ ಕೈ ಎಂಬ ಭೇದವಿಲ್ಲ. ಅದರ ಕೋರೆಹಲ್ಲು ಸೂಜಿಯ ಹಾಗೆ ಆಳಕ್ಕೆ ಇಳಿಯುತ್ತದೆ. ಮೇಲೆ ಚಿಕ್ಕ ತೂತು ಕಂಡರೂ ಒಳಗೆ ಸೋಂಕಾಗಿ ಮರುದಿನವೇ ಕೈ ಊದಿಕೊಳ್ಳಬಹುದು. ನಮ್ಮ ದೇಶದಲ್ಲಿ ರೇಬೀಸ್ ಭಯ ಬೇರೆ. ಯಾರಿಗಾದರೂ ಕಚ್ಚಿದರೆ ಅಥವಾ ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಆಸ್ಪತ್ರೆಗೆ ಹೋಗಿ ಚುಚ್ಚುಮದ್ದಿನ ಬಗ್ಗೆ ಕೇಳಿ. ‘ಮನೆಯ ಬೆಕ್ಕು ತಾನೇ’ ಎಂದು ಅರಿಸಿನ ಮೆತ್ತಿ ಸುಮ್ಮನಾಗಬಾರದು.

ಆ ರಾತ್ರಿ ಬೂದಿಯ ಕೋಣೆಯಲ್ಲಿ ದೀಪ ಆರಿಸಿ, ನೀರು, ಊಟ, ಉಚ್ಚೆ-ಕಕ್ಕಸಿಗೆ ಮಣ್ಣು ತುಂಬಿದ ಟ್ರೇ ಇಟ್ಟು ಹೊರಗೆ ಬಂದೆವು. ಎತ್ತಿಕೊಂಡು ಮುದ್ದು ಮಾಡಿ ಸಮಾಧಾನಪಡಿಸೋಣ ಅಂತ ಮನಸ್ಸಾಗುತ್ತದೆ, ಆದರೆ ಕೆರಳಿದ ಬೆಕ್ಕಿನ ಮೈ ತಣ್ಣಗಾಗಲು ಗಂಟೆಗಳೇ ಬೇಕು, ಕೆಲವಕ್ಕೆ ಒಂದೆರಡು ದಿನವೂ ಹಿಡಿಯುತ್ತದೆ. ಅಷ್ಟರೊಳಗೆ ‘ರಾಜಿ ಮಾಡಿಸಲು’ ಎರಡನ್ನೂ ಎದುರುಬದುರು ಕೂರಿಸಿದರೆ ಎರಡನೇ ಜಗಳ ಖಾತ್ರಿ. ‘ಅವೇ ಕಚ್ಚಾಡಿ ಸರಿಹೋಗ್ತವೆ ಬಿಡಿ’ ಅನ್ನುವವರು ಬಹಳ ಜನ ಸಿಗುತ್ತಾರೆ. ನನ್ನ ಮಟ್ಟಿಗೆ ಇದಕ್ಕಿಂತ ಕೆಟ್ಟ ಸಲಹೆ ಇಲ್ಲ. ಒಂದೊಂದು ಜಗಳವೂ ಹಿಂದಿನ ಹೆದರಿಕೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ.

ಮರುದಿನ ನಮ್ಮತ್ತೆ, “ಎರಡೂ ಎಷ್ಟು ಚೆನ್ನಾಗಿದ್ವು, ಯಾರದೋ ದೃಷ್ಟಿ ತಾಗಿದೆ ಕಣಮ್ಮ, ಉಪ್ಪು ಮೆಣಸಿನಕಾಯಿ ನಿವಾಳಿಸು” ಅಂದರು. ನಾನು ಹಿತ್ತಲಿಗೆ ಹೋಗಿ ನೋಡಿದೆ. ಅಡುಗೆಮನೆ ಕಿಟಕಿಯ ಕೆಳಗಿನ ಗೋಡೆಗೆ ಗಂಡುಬೆಕ್ಕು ಸಿಡಿಸಿದ ಉಚ್ಚೆಯ ಘಾಟು ಮೂಗಿಗೆ ಹೊಡೆಯಿತು. ಒಗೆಯುವ ಕಲ್ಲಿನ ಮೇಲೆ ಕೆಸರಿನ ಹೆಜ್ಜೆ. ಬೀದಿಯ ದಪ್ಪತಲೆಯ ಕೊತ್ತಿಯೊಂದು ನಮ್ಮ ಕಿಟಕಿಗೆ ಬಂದು ಕೂತು ಹೋಗುತ್ತಿತ್ತು. “ದೃಷ್ಟಿಯೇ ಅತ್ತೆ, ಇಗೋ ಇದರದ್ದು” ಅಂತ ತೋರಿಸಿದೆ.

ಆಗುವುದು ಹೀಗೆ. ಒಳಗಿರುವ ಬೆಕ್ಕು ಹೊರಗಿನ ಶತ್ರುವನ್ನು ನೋಡಿ ಮೈಯೆಲ್ಲ ಸೆಟೆದು ನಿಂತಿರುತ್ತದೆ, ಗಾಜು ಅಡ್ಡ ಇರುವುದರಿಂದ ಅದಕ್ಕೆ ಎಟಕುವುದಿಲ್ಲ. ಅಷ್ಟರಲ್ಲಿ ಹಿಂದಿನಿಂದ ಮನೆಯ ಇನ್ನೊಂದು ಬೆಕ್ಕು ಬಂದರೆ ಸಿಟ್ಟೆಲ್ಲ ಅದರ ಮೇಲೆ. ಏಟು ತಿಂದದ್ದಕ್ಕೆ ಕಾರಣ ಗೊತ್ತಿಲ್ಲ, ಹೊಡೆದದ್ದೂ ಯಾಕೆ ಹೊಡೆದೆ ಎಂದು ನೆನಪಿಟ್ಟುಕೊಳ್ಳುವುದಿಲ್ಲ. ಎರಡಕ್ಕೂ ಉಳಿಯುವುದು ‘ಇದು ಇದ್ದರೆ ಅಪಾಯ’ ಎಂಬ ಭಾವ ಮಾತ್ರ. ಪಟಾಕಿ ಸದ್ದಿಗೆ, ಪಾತ್ರೆ ಬಿದ್ದ ಸದ್ದಿಗೆ ಬೆಚ್ಚಿದಾಗಲೂ ಹೀಗೇ ಆಗಬಹುದು. ಆದ್ದರಿಂದ ಯಾವುದು ಮೊದಲು ಶುರುಮಾಡಿತು ಎಂದು ಪಂಚಾಯ್ತಿ ಮಾಡುವುದರಲ್ಲಿ ಅರ್ಥವಿಲ್ಲ. ಜಗಳ ನಡೆದ ಜಾಗದಲ್ಲಿ ನಿಂತು, ಅಲ್ಲಿಂದ ಬೆಕ್ಕಿಗೆ ಏನು ಕಾಣುತ್ತದೆ, ಏನು ಕೇಳಿಸುತ್ತದೆ ಎಂದು ನೋಡಿ.

ಕಿಟಕಿಯ ಕೆಳಗಿನ ಅರ್ಧ ಗಾಜಿಗೆ ದಿನಪತ್ರಿಕೆ ಅಂಟಿಸಿದೆವು. ಗೋಡೆಯನ್ನು ಬಟ್ಟೆ ಸೋಪಿನ ಪುಡಿ ಹಾಕಿ ತಿಕ್ಕಿ ತೊಳೆದೆವು. ಕಪ್ಪು ಫಿನೈಲ್ ಮುಟ್ಟಲಿಲ್ಲ, ಅದು ಬೆಕ್ಕಿಗೆ ವಿಷ. ಪಾದಕ್ಕೆ ಮೆತ್ತಿದ್ದನ್ನು ನೆಕ್ಕಿಕೊಂಡರೆ ಹೊಟ್ಟೆಗೇ ಹೋಗುತ್ತದೆ. ಪಕ್ಕದ ಮನೆಯ ಆಂಟಿ ನಮ್ಮ ಕಾಂಪೌಂಡಿಗೆ ತಾಗಿ ಅನ್ನ ಹಾಕುತ್ತಿದ್ದರು, ಕೇಳಿಕೊಂಡದ್ದಕ್ಕೆ ರಸ್ತೆಯ ಆಚೆ ಬದಿಗೆ ಹಾಕತೊಡಗಿದರು. ಆ ಕೊತ್ತಿಗೂ ಕೊನೆಗೆ ಆಪರೇಷನ್ ಮಾಡಿಸಿದೆವು. ಅದನ್ನು ಬೋನಿಗೆ ಬೀಳಿಸಿದ್ದು ಇನ್ನೊಂದು ದೊಡ್ಡ ಕಥೆ.

ಕಾರಣ ಸಿಕ್ಕಿತು ಎಂದು ಡಾಕ್ಟರ ಹತ್ತಿರ ಹೋಗುವುದನ್ನು ಬಿಡಲಿಲ್ಲ. ಹಲ್ಲುನೋವು, ಕೀಲುನೋವು, ಮೂತ್ರದ ತೊಂದರೆ ಯಾವುದಿದ್ದರೂ ಬೆಕ್ಕು ಮುಟ್ಟಿದರೆ ಸಿಡುಕುತ್ತದೆ. ವಯಸ್ಸಾದವಕ್ಕೆ ಥೈರಾಯ್ಡ್ ಕೂಡ ನೋಡಿಸಬೇಕು. ಗಂಡುಬೆಕ್ಕು ಟ್ರೇಗೆ ಹೋಗಿ ಹೋಗಿ ಮುಕ್ಕಿ, ಉಚ್ಚೆ ಬರದೆ ಒದ್ದಾಡುತ್ತಿದ್ದರೆ ಜಗಳದ ವಿಷಯ ಆಮೇಲೆ, ಮೊದಲು ಆಸ್ಪತ್ರೆಗೆ ಓಡಿ. ನೋವಿರಬಹುದೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರ ಕೊಡಬೇಡಿ. ಒಂದೇ ಮಾತ್ರೆಗೆ ಬೆಕ್ಕು ಸಾಯಬಹುದು. ನಮ್ಮವೆರಡಕ್ಕೂ ಚರ್ಮದ ಗಾಯ ಬಿಟ್ಟರೆ ಏನೂ ಇರಲಿಲ್ಲ. ಬೇರೆ ಮಾಡಿ ಹೊಂದಿಸಿದರೂ ಹೆದರಿಕೆ ಇಳಿಯದಿದ್ದರೆ ಔಷಧಿ ಇದೆ ಎಂದು ಡಾಕ್ಟರು ಹೇಳಿದ್ದರು, ನಮಗೆ ಅದರ ಅಗತ್ಯ ಬೀಳಲಿಲ್ಲ.

ನಿಜವಾದ ಕೆಲಸ ಆಮೇಲಿನದು. ಎರಡಕ್ಕೂ ಪರಿಚಯವೇ ಇಲ್ಲ ಅಂದುಕೊಂಡು ಮೊದಲಿನಿಂದ ಶುರು. ಬೆಕ್ಕಿಗೆ ಕಣ್ಣಿಗಿಂತ ಮೂಗು ಮುಖ್ಯ, ಹಾಗಾಗಿ ವಾಸನೆಯಿಂದಲೇ ಆರಂಭಿಸಿದೆ. ಇವರ ಹಳೇ ಪಂಚೆ ಹರಿದು ಎರಡು ತುಂಡು ಮಾಡಿ, ಒಂದರಿಂದ ಕೆಂಚನ ಕೆನ್ನೆ, ಗಲ್ಲ ಮೆಲ್ಲಗೆ ಒರೆಸಿದೆ. ಬೆಕ್ಕು ಬಾಗಿಲ ಮೂಲೆಗೆ, ನಮ್ಮ ಕಾಲಿಗೆ ಕೆನ್ನೆ ಉಜ್ಜುತ್ತದಲ್ಲ, ಅಲ್ಲಿನ ಗ್ರಂಥಿಗಳ ವಾಸನೆ ನೆಮ್ಮದಿಯ ಗುರುತು. ಆ ಬಟ್ಟೆಯನ್ನು ಬೂದಿಯ ಊಟದ ತಟ್ಟೆಯ ಪಕ್ಕ ಇಟ್ಟಾಗ ಮೂಸಿ ಬುಸ್ ಎಂದು ಹಿಂದೆ ಸರಿಯಿತು. ಬಟ್ಟೆಯನ್ನು ಕೋಣೆಯ ಇನ್ನೊಂದು ಮೂಲೆಗೆ ಹಾಕಿದೆ. ದಿನವೂ ಸ್ವಲ್ಪ ಸ್ವಲ್ಪ ಹತ್ತಿರ. ಅದರ ಮೇಲೇ ತಟ್ಟೆ ಇಟ್ಟರೂ ತಲೆಯೆತ್ತದೆ ತಿಂದ ದಿನ ಮುಂದಿನ ಹೆಜ್ಜೆ.

ಮುಚ್ಚಿದ ಬಾಗಿಲಿನ ಆಚೆ ಈಚೆ ಊಟ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಹಾಕದೆ ಬೇಯಿಸಿದ ಕೋಳಿ ಇವೆರಡಕ್ಕೂ ಪ್ರಾಣ, ಅದನ್ನು ಬಾಗಿಲ ಬಳಿ ಮಾತ್ರ ಕೊಡುತ್ತಿದ್ದೆ. ತಟ್ಟೆಗಳು ಮೊದಲು ದೂರ, ಆಮೇಲೆ ಹೊಸ್ತಿಲ ತನಕ. ನಡುನಡುವೆ ಜಾಗ ಬದಲಾವಣೆ: ಬೂದಿಗೆ ಹಾಲ್, ಕೆಂಚನಿಗೆ ಕೋಣೆ. ಅನಂತರ ಸೊಳ್ಳೆ ಪರದೆ ಹೊಡೆದ ಹಳೇ ಕಿಟಕಿ ಚೌಕಟ್ಟೊಂದನ್ನು ಬಾಗಿಲಿಗೆ ಅಡ್ಡ ಕಟ್ಟಿ, ಮೇಲೆ ಬೆಡ್‌ಶೀಟ್ ಇಳಿಬಿಟ್ಟು, ಬೆಡ್‌ಶೀಟನ್ನು ಕೆಳಗಿನಿಂದ ಗೇಣು ಗೇಣಾಗಿ ಎತ್ತುತ್ತ ಹೋದೆವು.

ಈ ಹಂತದಲ್ಲಿ ನೋಡಬೇಕಾದದ್ದು ಬುಸುಗುಟ್ಟುವುದನ್ನಲ್ಲ. ಬುಸ್ ಎಂದರೆ ‘ದೂರ ಇರು’ ಎಂದಷ್ಟೇ. ಹೆದರಬೇಕಾದದ್ದು ನೋಟಕ್ಕೆ. ಕೆಂಚ ತಿನ್ನುವುದನ್ನು ನಿಲ್ಲಿಸಿ, ಕಣ್ಣು ಮಿಟುಕಿಸದೆ, ಕತ್ತು ಚಾಚಿ ನೋಡತೊಡಗುತ್ತಿತ್ತು. ಕಿವಿ ಪಕ್ಕಕ್ಕೆ ಮಡಿಸಿಕೊಳ್ಳುತ್ತಿತ್ತು, ಮೈಯೆಲ್ಲ ಕಲ್ಲಾಗಿ ಬಾಲದ ತುದಿ ಮಾತ್ರ ಅತ್ತಿತ್ತ ಆಡುತ್ತಿತ್ತು. ಅದು ಕಂಡ ಕೂಡಲೇ ರಟ್ಟು ಅಡ್ಡ ಹಿಡಿದು, ಕೋಲಿಗೆ ಕಟ್ಟಿದ ನವಿಲುಗರಿ ಆಡಿಸಿ ಬೇರೆ ಕಡೆಗೆ ಕರೆದೊಯ್ಯುತ್ತಿದ್ದೆ. ಗದರಿದರೆ, ನೀರು ಎರಚಿದರೆ ಆ ಕಹಿಯನ್ನೂ ಎದುರಿನ ಬೆಕ್ಕಿನ ಲೆಕ್ಕಕ್ಕೇ ಬರೆದುಕೊಳ್ಳುತ್ತವೆ.

ಎರಡೂ ಪರದೆಗೆ ಮೂಗು ತಾಗಿಸಿ ನಿಂತಿದ್ದ ಒಂದು ಬೆಳಿಗ್ಗೆ ಒಳಗೆ ಕುಕ್ಕರ್ ಕೂಗಿತು. ಬೂದಿ ಮಾರುದ್ದ ಹಾರಿ ಬಾಲ ಊದಿಸಿಕೊಂಡು ಮಂಚದಡಿ ಸೇರಿತು, ಇತ್ತ ಕೆಂಚ ಪರದೆಗೆ ಪಂಜ ಬೀಸಿತು. ಮತ್ತೆ ಬೆಡ್‌ಶೀಟ್ ಇಳಿಸಿ, ಹಿಂದಿನ ಹಂತಕ್ಕೆ. ಅಲ್ಲಿಂದಾಚೆಗೆ ಈ ಊಟದ ಹೊತ್ತಿನಲ್ಲಿ ಕುಕ್ಕರ್, ಮಿಕ್ಸಿ ಎರಡೂ ಬಂದ್. ಅತ್ತೆ ಗೊಣಗುತ್ತಲೇ ಚಟ್ನಿ ರುಬ್ಬುವುದನ್ನು ಮುಂದೆ ಹಾಕಿದರು.

ಪರದೆ ತೆಗೆಯುವ ಮೊದಲು ಮನೆಯ ವ್ಯವಸ್ಥೆ ಬದಲಿಸಿದೆವು. ಎರಡು ಬೆಕ್ಕಿಗೆ ಮೂರು ಟ್ರೇ, ಅದೂ ಸಾಲಾಗಿ ಅಲ್ಲ, ಬೇರೆ ಬೇರೆ ಮೂಲೆಯಲ್ಲಿ. ಸಾಲಾಗಿಟ್ಟರೆ ಬೆಕ್ಕಿನ ಪಾಲಿಗೆ ಮೂರೂ ಒಂದೇ. ಒಂದು ಬೆಕ್ಕು ಓಣಿಯ ಬಾಯಲ್ಲಿ ಸುಮ್ಮನೆ ಮಲಗಿದ್ದರೂ ಇನ್ನೊಂದಕ್ಕೆ ಟ್ರೇಗೆ ಹೋಗುವ ದಾರಿ ಕಟ್ಟಿದಂತೆ. ಸದ್ದಿಲ್ಲದ ಈ ದಬ್ಬಾಳಿಕೆ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಬೀರುವಿನ ತಲೆಯ ಮೇಲೆ, ಸಜ್ಜದ ಮೇಲೆ ಗೋಣಿತಾಟು ಹಾಸಿ, ಹತ್ತಲು ಸ್ಟೂಲು ಇಟ್ಟೆವು. ಬೂದಿಗೆ ಮೇಲಿನಿಂದ ನೋಡುವ ಜಾಗ ಸಿಕ್ಕಿದ ಮೇಲೆ ಅದರ ನಡಿಗೆಯೇ ಬದಲಾಯಿತು. ಗೋಡೆಗೆ ಅಂಟಿಕೊಂಡು ಓಡುತ್ತಿದ್ದದ್ದು ಹಾಲ್ ನಡುವಿನಿಂದ ಹಾದುಹೋಗತೊಡಗಿತು.

ಒಟ್ಟಿಗೆ ಬಿಟ್ಟದ್ದು ಮೊದಮೊದಲು ಊಟದ ಹೊತ್ತು ಮಾತ್ರ, ನಾವು ಎದುರಿಗೆ ಕೂತು. ನಾವು ಮನೆಯಲ್ಲಿಲ್ಲದಾಗ, ರಾತ್ರಿ ಮಲಗುವಾಗ ಬೇರೆ ಬೇರೆ. ಎಲ್ಲ ಸೇರಿ ಎರಡು ತಿಂಗಳ ಮೇಲೆಯೇ ಹಿಡಿಯಿತು. ಈಗ ಒಂದೇ ಕೋಣೆಯಲ್ಲಿ ತಿನ್ನುತ್ತವೆ, ಓಡಾಡುತ್ತವೆ. ಒಂದೇ ಬುಟ್ಟಿಯಲ್ಲಿ ಮಾತ್ರ ಮಲಗುವುದಿಲ್ಲ, ನಾವೂ ಒತ್ತಾಯಿಸಿಲ್ಲ. ಲಸಿಕೆಗೆ ಹೋಗುವಾಗ ಎರಡನ್ನೂ ಒಟ್ಟಿಗೇ ಕರೆದುಕೊಂಡು ಹೋಗುತ್ತೇವೆ, ಬೇರೆ ಬೇರೆ ಬುಟ್ಟಿಯಲ್ಲಿ. ಒಂದನ್ನೇ ಒಯ್ಯಬೇಕಾಗಿ ಬಂದರೆ, ಆಸ್ಪತ್ರೆಯ ವಾಸನೆ ಹೊತ್ತು ತಂದದ್ದನ್ನು ಆ ರಾತ್ರಿ ಬೇರೆ ಕೋಣೆಯಲ್ಲಿ ಇಡುತ್ತೇವೆ. ಮೈ ನೆಕ್ಕಿಕೊಂಡು ಮನೆಯ ವಾಸನೆ ಬಂದ ಮೇಲಷ್ಟೇ ಬಾಗಿಲು ತೆಗೆಯುವುದು. ಪರದೆಯ ಚೌಕಟ್ಟನ್ನು ಎಸೆಯಲು ಇವರು ಎರಡು ಸಲ ಕೇಳಿದರು. ದೀಪಾವಳಿ ಮುಗಿಯಲಿ ನೋಡೋಣ ಅಂದಿದ್ದೇನೆ.