ಎರಡು ಕಾಪಿಯ ಜೀನನ್ನು ಒಂದೇ ಅಂತ ಅಳೆದು ಆರು ತಿಂಗಳು ಹೋದದ್ದು

ಮಂಗಳೂರಲ್ಲಿ ಕೂತು ಬಂಗುಡೆ ಬಿಟ್ಟು ಕೆರೆ ಮೀನಿನ ಮೇಲೆ ಪಿಎಚ್‌ಡಿ ಅಂದ್ರೆ ಮನೆಯಲ್ಲೇ ನಗ್ತಾರೆ. "ಮಣ್ಣಿನ ವಾಸನೆ ಅಂತ ತಿನ್ಲಿಕ್ಕೇ ಯಾರಿಗೂ ಬೇಡ, ನಿಂಗೆ ಅದರ ಜೀನ್ ಎಂತಕ್ಕೆ?" ಅಂತ ಅಮ್ಮ. ಆದ್ರೆ ಕಾಮನ್ ಕಾರ್ಪ್ ಟ್ಯಾಂಕಲ್ಲಿ ಸಾಕ್ಲಿಕ್ಕೆ ಸುಲಭ, ಇಮ್ಯುನಿಟಿ ಕೆಲಸಕ್ಕೆ ಒಳ್ಳೆ ಮೀನು. ಮಂಡೆ ಬಿಸಿ ಇರುವುದು ಅದರ ಜೀನೋಮಲ್ಲಿ. ರೋಹುವಿಗೆ 50 ಕ್ರೋಮೋಸೋಮ್, ಇದಕ್ಕೆ 100. ಈಗಿನ ಹೆಚ್ಚಿನ ಮೀನುಗಳು ಸೇರುವ ಟೀಲಿಯೋಸ್ಟ್ ಗುಂಪಿನ ಪೂರ್ವಜರಲ್ಲಿ 30 ಕೋಟಿ ವರ್ಷಕ್ಕೂ ಹಿಂದೆ ಇಡೀ ಜೀನೋಮ್ ಒಮ್ಮೆ ಡಬಲ್ ಆಗಿತ್ತು, ಕಾರ್ಪಿನ ವಂಶದಲ್ಲಿ ಸುಮಾರು ಒಂದು ಕೋಟಿ ವರ್ಷದ ಹಿಂದೆ ಎರಡು ಬೇರೆ ಜಾತಿ ಬೆರೆತು ಇನ್ನೊಮ್ಮೆ. ಹಾಗಾಗಿ ತುಂಬ ಜೀನ್‌ಗಳಿಗೆ ಅವಳಿ ಉಂಟು.

ನಾನು ಹಿಡಿದದ್ದು ಮೈಡಿ88 ಅಂತ ಒಂದು ಜೀನ್. ಬ್ಯಾಕ್ಟೀರಿಯಾ ಬಂತು ಅಂತ ಜೀವಕೋಶದ ಕಾವಲುಗಾರ ಟೋಲ್ ರಿಸೆಪ್ಟರ್‌ಗೆ ಗೊತ್ತಾದ್ರೆ ಆ ಸುದ್ದಿಯನ್ನು ಜೀವಕೋಶದ ಒಳಗೆ ದಾಟಿಸುವ ಪ್ರೋಟೀನ್ ಅದು, ಅಲ್ಲಿಂದ ಟ್ರಾಫ್6, ಎನ್‌ಎಫ್-ಕಪ್ಪಾಬಿ ಅಂತ ಬೇರೆ ಪ್ರೋಟೀನ್‌ಗಳ ಕೈ ದಾಟಿ ಕೊನೆಗೆ ಉರಿಯೂತ. ಸತ್ತ ಏರೋಮೊನಾಸ್ ಹೈಡ್ರೋಫಿಲಾ ಬ್ಯಾಕ್ಟೀರಿಯಾ ಹೊಟ್ಟೆಗೆ ಇಂಜೆಕ್ಟ್ ಮಾಡಿ 0, 6, 24, 72 ಗಂಟೆಗೆ ಸ್ಯಾಂಪಲ್ ತೆಗಿಬೇಕಿತ್ತು. ಮೀನನ್ನು ಲವಂಗದ ಎಣ್ಣೆ ಹಾಕಿದ ನೀರಲ್ಲಿ ಮಲಗಿಸಿ, ಕಿವಿರಿನ ಹಿಂದೆ ಇರುವ ತಲೆ ಕಿಡ್ನಿ ತೆಗೆಯುವುದು, ಮೀನಿಗೆ ಎಲುಬಿನೊಳಗೆ ರಕ್ತ ತಯಾರಾಗುವ ಮಜ್ಜೆ ಇಲ್ಲ, ಆ ಕೆಲಸ ಇಲ್ಲಿಯೇ ಆಗುವುದು. ಮೊದಲ ಮೀನಲ್ಲಿ ಪಿತ್ತಕೋಶ ಒಡೆದು ಎಲ್ಲ ಹಸಿರಾಯ್ತು, ಅದನ್ನು ಬಿಸಾಡಿದೆ.

ಆರ್‌ಎನ್‌ಎ, ಅಂದ್ರೆ ಜೀನ್ ಎಷ್ಟು ಕೆಲಸ ಮಾಡ್ತಾ ಉಂಟು ಅಂತ ತೋರಿಸುವ ನಕಲು, ಚೆನ್ನಾಗೇ ಬಂತು. ಅದನ್ನು ಅಳೆಯುವುದು ಕ್ಯೂಪಿಸಿಆರಲ್ಲಿ: ಪ್ರೈಮರ್ ಅಂತ ಸಣ್ಣ ಡಿಎನ್‌ಎ ತುಂಡು ಬೇಕಾದ ಜೀನನ್ನು ಹಿಡಿತದೆ, ಹಿಡಿದ ಭಾಗ ಪ್ರತಿ ಸೈಕಲಿಗೆ ಡಬಲ್ ಆಗ್ತದೆ. ಕೊನೆಗೆ ಬಿಸಿ ಮಾಡಿ ಕರಗಿಸಿ ನೋಡುವ ಮೆಲ್ಟ್ ಕರ್ವಲ್ಲಿ ಒಂದೇ ಗುಡ್ಡ, ಒಂದೇ ಪ್ರಾಡಕ್ಟ್ ಅಂತ ಖುಷಿ ಆಯ್ತು. ರಿಸಲ್ಟ್ ಮಾತ್ರ ಸಪ್ಪೆ. ಬ್ಯಾಕ್ಟೀರಿಯಾ ಕೊಟ್ಟ ಮೀನು, ಕೊಡದ ಮೀನು, ಹೆಚ್ಚುಕಡಿಮೆ ಒಂದೇ ಲೆಕ್ಕ. ಡೋಸ್ ಸರಿ ಇಲ್ಲ ಅಂದುಕೊಂಡು ಇನ್ನೊಂದು ಬ್ಯಾಚ್ ಮೀನು, ಆರ್‌ಎನ್‌ಎ ತೆಗೆಯುವ ಟ್ರೈಜಾಲ್ ಇನ್ನೊಂದು ಬಾಟಲಿ, ಹೀಗೆ ಆರು ತಿಂಗಳು. ಆಮೇಲೆ ಸುಮ್ನೆ ಡೌಟಿಗೆ ಆ ಪಿಸಿಆರ್ ಪ್ರಾಡಕ್ಟನ್ನು ಡಿಎನ್‌ಎ ಅಕ್ಷರ ಓದುವ ಸೀಕ್ವೆನ್ಸಿಂಗಿಗೆ ಕಳಿಸಿದೆ ಮಾರಾಯ್ರೆ, ಒಂದೊಂದು ಅಕ್ಷರಕ್ಕೆ ಒಂದೊಂದು ಬಣ್ಣದ ಗೆರೆ ಬರುವ ಕ್ರೊಮ್ಯಾಟೋಗ್ರಾಮಲ್ಲಿ ಕೆಲವು ಜಾಗದಲ್ಲಿ ಹಸಿರು ಗೆರೆ ಕೆಂಪು ಗೆರೆ ಒಂದರ ಮೇಲೊಂದು! ನನ್ನ ಪ್ರೈಮರ್ ಎರಡೂ ಕಾಪಿಯನ್ನು ಹಿಡಿತಾ ಇತ್ತು, ಎರಡರ ಕರಗುವ ಬಿಸಿಯೂ ಹತ್ತಿರ ಹತ್ತಿರ ಇದ್ದ ಕಾರಣ ಮೆಲ್ಟ್ ಕರ್ವಲ್ಲಿ ಗೊತ್ತೇ ಆಗಿರ್ಲಿಲ್ಲ.

ಪ್ರೋಟೀನ್ ಆಗುವ ಭಾಗದಲ್ಲಿ ಎರಡು ಕಾಪಿಗೆ ವ್ಯತ್ಯಾಸ ಕಡಿಮೆ, ಹಾಗಾಗಿ ಹೊಸ ಪ್ರೈಮರನ್ನು ಜೀನಿನ ಬಾಲದಲ್ಲಿ, ಅಂದ್ರೆ ಪ್ರೋಟೀನ್ ಆಗದ 3' ಯುಟಿಆರ್ ಭಾಗದಲ್ಲಿ ಹುಡುಕಿದೆ, ಅಲ್ಲಿ ತುಂಬ ಬದಲಾವಣೆ ಆಗಿರ್ತದೆ. ಪ್ರೈಮರಿನ ಕೊನೆಯ ಎರಡು ಅಕ್ಷರ ಒಂದು ಕಾಪಿಗೆ ಕೂರಬೇಕು, ಇನ್ನೊಂದಕ್ಕೆ ಕೂರಬಾರ್ದು. ಕಂಪ್ಯೂಟರ್ ಸರಿ ಅಂದದ್ದನ್ನು ನಂಬ್ಲಿಲ್ಲ, ಒಮ್ಮೆ ನಂಬಿ ಸಾಕಾಗಿತ್ತು. ಎರಡೂ ಕಾಪಿಗೆ ಎ, ಬಿ ಅಂತ ಹೆಸರಿಟ್ಟು, ಬೇರೆ ಬೇರೆ ಪ್ಲಾಸ್ಮಿಡ್‌ಗೆ (ಉಂಗುರದ ಹಾಗಿರುವ ಸಣ್ಣ ಡಿಎನ್‌ಎ) ಹಾಕಿ, ಎ ಪ್ರೈಮರಿಗೆ ಬಿ ಪ್ಲಾಸ್ಮಿಡ್, ಬಿಗೆ ಎ, ಹೀಗೆ ಅದಲುಬದಲು ಮಾಡಿ ಓಡಿಸಿದೆ. ತಪ್ಪು ಜೋಡಿ ಸರಿ ಜೋಡಿಗಿಂತ ಹತ್ತು ಸೈಕಲ್ ತಡವಾಗಿ ಬಂದ್ರೆ ಸಾವಿರ ಪಟ್ಟು ವ್ಯತ್ಯಾಸ, ಅಷ್ಟಿದ್ರೆ ನಂಗೆ ಸಾಕು. ಪ್ಲಾಸ್ಮಿಡನ್ನು ಹತ್ತು ಪಟ್ಟು ತೆಳು ಮಾಡ್ತಾ ಹೋದ್ರೆ ಪ್ರತಿ ಸಲ ಸುಮಾರು 3.3 ಸೈಕಲ್ ಅಂತರ ಬರ್ಬೇಕು, ಅದನ್ನೂ ನೋಡಿದೆ.

ಅದೇ ಹಳೆ ಸ್ಯಾಂಪಲ್, ಹೊಸ ಪ್ರೈಮರ್. ನನ್ನ ಮೀನುಗಳಲ್ಲಿ ಒಂದು ಕಾಪಿ 6 ಗಂಟೆಗೆ ಏರಿ ಆಮೇಲೆ ಇಳಿದಿತ್ತು, ಇನ್ನೊಂದು ಮೊದಲಿಂದ್ಲೇ ಜಾಸ್ತಿ ಇದ್ದು ಅಲುಗಾಡ್ಲೇ ಇಲ್ಲ. ದೊಡ್ಡ ಗಲಾಟೆಯಲ್ಲಿ ಸಣ್ಣವನ ಕೂಗು ಕೇಳದ ಹಾಗೆ ಆಗಿತ್ತು ನನ್ನ ಹಳೆ ಗ್ರಾಫಲ್ಲಿ. ಅಷ್ಟು ಮೀನು ಸುಮ್ನೆ ಕೊಂದದ್ದು ಮಾತ್ರ ಈಗ್ಲೂ ಬೇಜಾರು.

ಮುಂದಿನದ್ದು ಉರಿಯೂತ ತಗ್ಗಿಸುವ ಐಎಲ್-10 ಜೀನ್, ಅದಕ್ಕೂ ಕಾರ್ಪಲ್ಲಿ ಎರಡು ಕಾಪಿ. ಈ ಸಲ ಮೀನು ಇನ್ನೂ ತಂದಿಲ್ಲ, ಮೊದಲು ಪ್ಲಾಸ್ಮಿಡ್ ಮಾಡಿಟ್ಟಿದ್ದೇನೆ, ಎ ಟ್ಯೂಬಿಗೆ ಕೆಂಪು ಮಾರ್ಕ್, ಬಿಗೆ ನೀಲಿ.