ಮುಳುಗಿದ ಕಾರು: ಕೈಗೆ ಕಣ್ಣು ಬರಿಸುವ ತರಬೇತಿ

ಕೆರೆ ಏರಿಯಿಂದ ಕಾರು ಉರುಳಿದರೆ, ಹೇಮಾವತಿ ಎಡದಂಡೆ ನಾಲೆಗೆ ಜೀಪು ನುಗ್ಗಿದರೆ ನೀರಿಗಿಳಿಯುವ ಧೈರ್ಯದವರು ಸಿಕ್ಕೇ ಸಿಗುತ್ತಾರೆ. ಕಾರನ್ನು ಮುಟ್ಟುವುದೂ ಅಷ್ಟು ಕಷ್ಟವಲ್ಲ. ಮುಟ್ಟಿದ ಮೇಲೆ ಬಾಗಿಲ ಹಿಡಿಕೆ ಎಲ್ಲಿ, ಬೆಲ್ಟ್ ಎಲ್ಲಿ ಎಂದು ತಡಕಾಡುವುದರಲ್ಲೇ ಹೊತ್ತು ಹೋಗುತ್ತದೆ. ಉಸಿರು ನಿಂತು ನಾಲ್ಕಾರು ನಿಮಿಷವಾದರೆ ಮಿದುಳಿಗೆ ಹಾನಿ ಶುರು. ಆದರೂ ಹೆಚ್ಚಿನ ರಕ್ಷಣಾ ತಂಡಗಳ ಅಭ್ಯಾಸ ಈಜು ಮತ್ತು ಆಳದಲ್ಲೇ ಮುಗಿಯುತ್ತದೆ. ಏನೂ ಕಾಣದ ನೀರಿನಲ್ಲಿ ಕೈಯಿಂದಲೇ ಸವರಿ ಕಾರಿನಿಂದ ಜನರನ್ನು ಹೊರತೆಗೆಯುವ ಈ ತರಬೇತಿ ಕ್ರಮ ಸ್ಕೂಬಾ (ಗಾಳಿ ಸಿಲಿಂಡರ್ ಹೊತ್ತು ಮುಳುಗುವುದು) ಕಲಿತು ಪ್ರಮಾಣಪತ್ರ ಪಡೆದವರಿಗೆ. ಉಳಿದವರು ದಡದಲ್ಲಿ ಹಗ್ಗ ಹಿಡಿಯಲಿ.

1. ಕಾರು

ಗುಜರಿಯಿಂದ ನಾಲ್ಕು ಬಾಗಿಲಿನ ಬಾಡಿ ತನ್ನಿ. ಎಂಜಿನ್, ಬ್ಯಾಟರಿ, ಪೆಟ್ರೋಲ್ ಟ್ಯಾಂಕ್, ಏರ್‌ಬ್ಯಾಗ್, ಗಾಜು ತೆಗೆಸಿ, ಗ್ರೀಸ್ ತೊಳೆಸಿ, ಚೂಪು ಅಂಚುಗಳನ್ನು ಉಜ್ಜಿಸಿ. ಸೀಟು, ಬೆಲ್ಟ್, ಹಿಡಿಕೆಗಳು ಇರಲೇಬೇಕು. ಕತ್ತರಿಸಿ ಕಲಿಯಲು ಹಳೆಯ ಬೆಲ್ಟುಗಳನ್ನು ಬೇರೆಯಾಗಿ ಒಂದು ಕಟ್ಟು ಕೊಳ್ಳಿ.

2. ನೆಲದ ಮೇಲೆ, ಕಣ್ಣು ಕಟ್ಟಿ

ಅವಸರದವರು ಬಿಟ್ಟುಬಿಡುವುದು ಇದನ್ನೇ. ಮಾಸ್ಕಿನ ಗಾಜಿಗೆ ಕಪ್ಪು ಟೇಪ್ ಅಂಟಿಸಿ. ಕಾರನ್ನು ಒಮ್ಮೆ ಗಾಲಿಯ ಮೇಲೆ, ಒಮ್ಮೆ ಮಗ್ಗುಲಿಗೆ, ಒಮ್ಮೆ ಮಗುಚಿ ಇಡಿ. ಹೂಳೆದ್ದ ಕೆರೆಯಲ್ಲಿ ಟಾರ್ಚಿಗೂ ಏನೂ ಕಾಣದು.

ಮೊದಲು ಗಾಲಿ ಹುಡುಕಿ. ಅದು ಮೇಲಿದ್ದರೆ ಕಾರು ಮಗುಚಿದೆ. ಪಕ್ಕದ ಕನ್ನಡಿ ಇರುವುದು ಮುಂಬಾಗಿಲ ಮುಂತುದಿಯಲ್ಲಿ. ಅಲ್ಲಿಂದ ಅಂಗೈ ಸವರುತ್ತ ಹಿಂದೆ ಹೋದರೆ ಹಿಡಿಕೆ.

ಗಾಜು ಒಡೆಯುವ ಮುನ್ನ ಎಲ್ಲ ಹಿಡಿಕೆಗಳನ್ನೂ ಎಳೆದು ನೋಡಿ. ಒಳಗಿನ ನೀರು ಹೊರಗಿನದಕ್ಕಿಂತ ಅರ್ಧ ಮೀಟರ್ ಕೆಳಗಿದ್ದರೂ 0.8 ಚದರ ಮೀಟರ್ ಬಾಗಿಲ ಮೇಲೆ ಸುಮಾರು 400 ಕೆ.ಜಿ. ಒತ್ತಡ ಬೀಳಬಹುದು. ಕಾರು ತುಂಬಿದ ಮೇಲೆ ಒತ್ತಡ ಸಮವಾಗುತ್ತದೆ. ಬಾಗಿಲು ಲಾಕ್ ಆಗಿರದೆ, ಜಜ್ಜಿರದೆ, ಹೂಳಿಗೆ ಸಿಕ್ಕಿರದೆ ಇದ್ದರೆ ಆಗ ಸಲೀಸಾಗಿ ತೆರೆಯುತ್ತದೆ.

ಒಡೆಯಲೇಬೇಕಾದರೆ ಪಕ್ಕದ ಕಿಟಕಿಯನ್ನು, ಕೆಳಮೂಲೆಯಲ್ಲಿ, ಸ್ಪ್ರಿಂಗ್ ಪಂಚ್‌ನಿಂದ (ಒತ್ತಿದರೆ ಒಳಗಿನ ಸ್ಪ್ರಿಂಗ್ ಚೂಪು ಮೊನೆಯನ್ನು ಗಾಜಿಗೆ ಬಡಿಯುವ ಉಪಕರಣ). ನೀರಿನಲ್ಲಿ ಬೀಸಿದ ಸುತ್ತಿಗೆಗೆ ವೇಗವಿರುವುದಿಲ್ಲ. ಮುಂಗಾಜು ನಡುವೆ ಪದರವಿರುವ ಲ್ಯಾಮಿನೇಟೆಡ್ ಗಾಜು, ಪಂಚಿಗೆ ಬಿರಿಯುತ್ತದೆ ಹೊರತು ಉದುರುವುದಿಲ್ಲ. ಕೆಲವು ಹೊಸ ಕಾರುಗಳ ಪಕ್ಕದ ಗಾಜೂ ಹಾಗೆಯೇ. ಆಗ ಬೇರೆ ಕಿಟಕಿ ನೋಡಿ. ಕಾರು ಇನ್ನೂ ತುಂಬುತ್ತಿದ್ದರೆ ಒಡೆದ ಕಿಟಕಿ ಕೈಯನ್ನು ಒಳಕ್ಕೆ ಸೆಳೆಯುತ್ತದೆ, ಎದುರಿಗೆ ನಿಲ್ಲದೆ ಪಕ್ಕದಲ್ಲಿರಿ.

ಬೆಲ್ಟಿನಲ್ಲೇ ಹೆಚ್ಚಿನವರು ಎಡವುವುದು. ಬಾಗಿಲ ಕಂಬದಲ್ಲಿ ಬೆಲ್ಟ್ ಹೊರಡುವ ಜಾಗ ಹಿಡಿದು, ಪಟ್ಟಿಯ ಗುಂಟ ಸವರುತ್ತ ಬಕಲ್‌ಗೆ ಬನ್ನಿ. ಮೊದಲು ಗುಂಡಿ ಒತ್ತಿ. ಬಿಡದಿದ್ದರೆ ಭುಜದ ಬಳಿ ಒಮ್ಮೆ, ಸೊಂಟದ ಬಳಿ ಒಮ್ಮೆ ಕತ್ತರಿಸಿ. ಭುಜದ್ದು ಮಾತ್ರ ಕತ್ತರಿಸಿ ಎಳೆದರೆ ಸೊಂಟದ ಪಟ್ಟಿ ಬಿಡುವುದಿಲ್ಲ. ಮಗುಚಿದ ಕಾರಿನಲ್ಲಿ ಬಕಲ್ ಎಡ-ಬಲ ಅದಲುಬದಲು. ಇದನ್ನು ಕೈ ತಾನಾಗಿ ಮಾಡುವವರೆಗೂ ನೀರಿಗೆ ಇಳಿಸಬೇಡಿ.

ಕೀಚೈನಿಗೆ ತೂಗುವ ತ್ರೀ-ಇನ್-ಒನ್ ಅಗ್ಗದ ಸುತ್ತಿಗೆಗಳಿಗೆ ದುಡ್ಡು ಹಾಕಬೇಡಿ, ಅವುಗಳ ಬ್ಲೇಡು ಒದ್ದೆ ಬೆಲ್ಟಿಗೆ ಜಾರುತ್ತದೆ. ಮೊನೆಯ ಚಾಕುವೂ ಬೇಡ. ಕೊಕ್ಕೆಯಾಕಾರದ ಕಟರ್ ಎರಡಿರಲಿ, ಎರಡೂ ಎದೆಯ ಮೇಲೆ.

ಒಳಗಿರುವವರನ್ನು ಎಳೆಯುವಾಗ ಕಂಕುಳಿಗೆ ಕೈ ಹಾಕಿ. ಬರದಿದ್ದರೆ ಪಾದ ಪೆಡಲ್ ಕೆಳಗೆ ಸಿಕ್ಕಿರಬಹುದು, ಸೀಟಿನ ಲಿವರ್ ಎತ್ತಿ ಸೀಟು ಹಿಂದೆ ತಳ್ಳಿ. ಮುಳುಗುಗಾರನ ಸಿಲಿಂಡರ್ ಕಿಟಕಿಯ ಚೌಕಟ್ಟು ದಾಟಬಾರದು, ಎರಡನೆಯವನು ಅವನ ಕಾಲು ಹಿಡಿದಿರಬೇಕು. ಮುಂಭಾಗ ಕೆಳಗಾಗಿ ಮುಳುಗಿದ ಕಾರಿನಲ್ಲಿ ಗಾಳಿ ಉಳಿದರೆ ಹಿಂಭಾಗದ ಮೇಲ್ಮೂಲೆಯಲ್ಲಿ. ಆದ್ದರಿಂದ ಹಿಂದಿನ ಸೀಟು, ಸೀಟುಗಳ ನಡುವಿನ ಸಂದಿ, ಎಲ್ಲವನ್ನೂ ಸವರದೆ ಮೇಲೆ ಬರಬೇಡಿ. ಮಕ್ಕಳು ಅಲ್ಲಿರುತ್ತಾರೆ.

3. ಈಜುಕೊಳ

ಕಾರನ್ನು ಕ್ರೇನಿನಿಂದ ಎರಡು ಮೀಟರ್ ನೀರಿಗಿಳಿಸಿ, ಸರಪಳಿ ಬಿಗಿದು, ಇದನ್ನೇ ಮಾಡಿಸಿ. ಮೊದಲು ತಿಳಿ ಮಾಸ್ಕ್, ಆಮೇಲೆ ಕಪ್ಪು ಮಾಸ್ಕ್.

4. ಕೆರೆ

ಹಗ್ಗದ ಸನ್ನೆ ಮೊದಲೇ ಗೊತ್ತುಮಾಡಿ: ಒಂದೆಳೆತ ಕ್ಷೇಮ, ಎರಡು ಹಗ್ಗ ಬಿಡು, ಮೂರು ಸಿಕ್ಕಿತು, ನಾಲ್ಕು ಮೇಲಕ್ಕೆಳೆ. 12 ಲೀಟರ್ ಸಿಲಿಂಡರ್‌ನಲ್ಲಿ 200 ಬಾರ್ (ಒತ್ತಡದ ಅಳತೆ) ಎಂದರೆ 2,400 ಲೀಟರ್ ಗಾಳಿ. ಐದು ಮೀಟರ್ ಆಳದಲ್ಲಿ ಏದುಸಿರಿನ ಕೆಲಸಕ್ಕೆ ನಿಮಿಷಕ್ಕೆ 60 ಲೀಟರ್ ಬೇಕಾಗಬಹುದು. ಮೂರನೇ ಒಂದು ಭಾಗ ಮುಗಿದಾಗ ವಾಪಸಾಗಬೇಕೆಂದರೆ ಕೈಗಿರುವುದು ಸುಮಾರು 13 ನಿಮಿಷ.

ನಾಲೆಯಲ್ಲಿ ನೀರು ಬಿಟ್ಟಿರುವಾಗ ತರಬೇತಿ ಬೇಡವೇ ಬೇಡ. ನಿಜವಾದ ಅವಘಡದಲ್ಲೂ ಮೊದಲ ಫೋನು 112ಕ್ಕೆ, ಮರುಕ್ಷಣ ನಾಲೆ ಗೇಟ್ ಇಳಿಸುವವರಿಗೆ.

ಇನ್ನೊಂದು ಮಾತು, ತರಬೇತುದಾರರು ಮರೆಯುವಂಥದ್ದು: ಹಾಸನ, ಚಿಕ್ಕಮಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿವೆ. ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದೆಂದು ಹೇಳುವ, ಸಮುದ್ರಕ್ಕೆಂದು ಮಾಡಿದ ಡೈವ್ ಕೋಷ್ಟಕ ಇಲ್ಲಿ ಹಾಗೇ ಒಗ್ಗುವುದಿಲ್ಲ. ಲಕ್ಕವಳ್ಳಿಯ ಭದ್ರಾ ಹಿನ್ನೀರಲ್ಲಿ ಆಳಕ್ಕಿಳಿದ ಸಂಜೆಯೇ ಕೆಮ್ಮಣ್ಣುಗುಂಡಿ ಹತ್ತಬೇಡಿ, ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿದು ರಕ್ತಕ್ಕೆ ಸೇರಿದ ಸಾರಜನಕ ಗುಳ್ಳೆಯಾಗಬಹುದು.

5. ದಡ

ಹೊಟ್ಟೆ ಒತ್ತಿ ನೀರು ಕಕ್ಕಿಸುವುದು, ತಲೆಕೆಳಗು ಮಾಡಿ ತಿರುಗಿಸುವುದು ನಿಲ್ಲಬೇಕು. ಉಸಿರಿಲ್ಲದಿದ್ದರೆ ಮೊದಲು ಐದು ಸಲ ಬಾಯಿಂದ ಉಸಿರು ಕೊಡಿ, ನಂತರ 30 ಎದೆಯೊತ್ತು, ಎರಡು ಉಸಿರು, ಮತ್ತೆ 30. ಒತ್ತುವವರು ಎರಡೆರಡು ನಿಮಿಷಕ್ಕೆ ಬದಲಾಗುತ್ತಾ, 108ರ ಸಿಬ್ಬಂದಿ ಕೈಗೆತ್ತಿಕೊಳ್ಳುವವರೆಗೂ ನಿಲ್ಲಿಸಬೇಡಿ.