ಪ್ರಾಣಿಪಾತ್ರಗಳ ವಿಚಿತ್ರ ಕಥೆಗಳು ರುಚಿಸದಿದ್ದರೆ ಹೀಗೆ ಓದಿ

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಹೊರಗೋಡೆಯನ್ನು ತಳದಿಂದ ನೋಡುತ್ತಾ ಬನ್ನಿ. ಮೊದಲು ಆನೆ, ಅದರ ಮೇಲೆ ಸಿಂಹ. ಕಣ್ಣೆತ್ತುತ್ತಾ ಹೋದರೆ ಹಂಸಗಳ ಸಾಲಿನ ಕೆಳಗೆ ಮಕರ: ಸೊಂಡಿಲು ಆನೆಯದು, ಬಾಯಿ ಮೊಸಳೆಯದು, ಬಾಲ ನವಿಲಿನದು. ಅರ್ಥ ಹೊಳೆಯುವ ಮುಂಚೆಯೇ ಕಣ್ಣು ಅಲ್ಲಿ ನಿಲ್ಲುತ್ತದೆ. ಪ್ರಾಣಿಗಳು ಮಾತಾಡುವ ಅತಿವಾಸ್ತವ ಕಥೆಯನ್ನೂ, ಅಂದರೆ ಕನಸಿನ ಹಾಗೆ ತರ್ಕ ಮೀರಿ ಸಾಗುವ ಕಥೆಯನ್ನೂ, ಮೊದಲ ಸಲ ಹೀಗೇ ಓದಬೇಕು.

ಓದು ಕೆಡುವುದು ಬಹುಪಾಲು ಒಂದೇ ಕಾರಣಕ್ಕೆ. ಪಂಚತಂತ್ರ, ಪುಣ್ಯಕೋಟಿ ಕೇಳಿ ಬೆಳೆದ ನಾವು ನರಿ ಬಂತೆಂದರೆ ಮೋಸ, ಹಸು ಬಂತೆಂದರೆ ಸತ್ಯ ಎಂದು ಲೆಕ್ಕ ಹಾಕುತ್ತೇವೆ. ಅಲ್ಲಿ ಆ ಲೆಕ್ಕ ಸರಿ. ಇಲ್ಲಿ ನರಿ ಮೂರನೇ ಪುಟದಲ್ಲಿ ಅಂಚೆ ಹಂಚಿ ಹತ್ತನೇ ಪುಟದಲ್ಲಿ ಅಳುತ್ತಾ ಕೂತಿರಬಹುದು. ಲೆಕ್ಕ ತಪ್ಪಿತೆಂದು ಪುಸ್ತಕ ಮುಚ್ಚುತ್ತೇವೆ.

ಕಾದಂಬರಿಯಿಂದ ಶುರು ಮಾಡಬೇಡಿ. 10–15 ಪುಟದ ಕಥೆಯನ್ನು ಒಂದೇ ಸಲ ಕೂತು ಮುಗಿಸಿ. ರಾತ್ರಿ ಮಲಗುವ ಹೊತ್ತು ಬೇಡ, ಕಥೆಯ ಕನಸೂ ನಿಮ್ಮ ಮಂಪರೂ ಕಲಸಿಹೋಗುತ್ತವೆ. ತಿಳಿಯದ ಕಡೆ ಪೆನ್ಸಿಲ್ ಗೀಟು ಹಾಕಿ ಮುಂದೆ ಹೋಗಿ.

ಎರಡನೇ ಓದಿಗೆ ಒಂದು ಹಾಳೆಯನ್ನು ಉದ್ದಕ್ಕೆ ಮಡಚಿಕೊಳ್ಳಿ. ಪ್ರಾಣಿಯ ಮೈ ಮಾಡುವುದನ್ನೆಲ್ಲ ಎಡಕ್ಕೆ ಬರೆಯಿರಿ: ಮೂಸುವುದು, ಕೆರೆದುಕೊಳ್ಳುವುದು, ಹಸಿಯುವುದು. ಬಲಕ್ಕೆ ಮನುಷ್ಯರ ಹಾಗೆ ಮಾಡುವುದು: ಬಾಡಿಗೆ ಕಟ್ಟುವುದು, ನಾಚಿಕೊಳ್ಳುವುದು. ಇವೆರಡೂ ಒಂದಕ್ಕೊಂದು ತಾಕುವ ಸಾಲಿಗೆ ಸುತ್ತು ಹಾಕಿ, ಕಥೆಯ ಜೀವ ಇರುವುದು ಅಲ್ಲೇ. ಎಡಗಡೆ ಖಾಲಿ ಉಳಿಯಿತೆಂದರೆ ಬರೀ ಸಂಕೇತವನ್ನು ಓದಿದ್ದೀರಿ. ಸಕಲೇಶಪುರ, ಆಲೂರು ಕಡೆಯವರಿಗೆ ಇದು ಬೇಗ ಕೈಗೆ ಹತ್ತುತ್ತದೆ. ತೋಟಕ್ಕೆ ಆನೆ ಇಳಿಯುವ ಊರಲ್ಲಿ ಆನೆಯೆಂದರೆ ಮೊದಲು ಕೊಂಬೆ ಮುರಿಯುವ ಸದ್ದು, ಲದ್ದಿ, ಭಯ. ಆ ಭಯವನ್ನು ಹಾಗೇ ಕಥೆಯೊಳಕ್ಕೆ ಒಯ್ಯಿರಿ.

ಹಾಳೆಯ ಹಿಂಬದಿಗೆ ಆ ಲೋಕದ ಕಟ್ಟಳೆಗಳನ್ನು ಬರೆದುಕೊಳ್ಳಿ. ಅಲ್ಲಿ ಯಾರು ಮಾತಾಡಬಲ್ಲರು? ಯಾರನ್ನು ಯಾರು ತಿನ್ನಬಹುದು? ಮೂರು ಸಾಕು.

ಪ್ರಾಣಿಯ ರೂಪ ಕಣ್ಣಿಗೆ ಕಟ್ಟುತ್ತಿಲ್ಲವೆಂದು ಮೊಬೈಲಿನಲ್ಲಿ ಚಿತ್ರ ಹುಡುಕಬೇಡಿ. 1915ರಲ್ಲಿ, ಮನುಷ್ಯನೊಬ್ಬ ಬೆಳಗಾಗುವಷ್ಟರಲ್ಲಿ ಹುಳುವಾಗಿಬಿಡುವ 'ಮೆಟಮಾರ್ಫಸಿಸ್' ಕಥೆ ಅಚ್ಚಾಗುವಾಗ ಅದರ ಲೇಖಕ ಕಾಫ್ಕಾ ಪ್ರಕಾಶಕರಿಗೆ ಪತ್ರ ಬರೆದು, ಮುಖಪುಟದಲ್ಲಿ ಆ ಹುಳುವನ್ನು ದೂರದಿಂದ ಕೂಡ ತೋರಿಸಕೂಡದು ಎಂದಿದ್ದರು. ಅರೆಬರೆ ಕಾಣುವುದೇ ಅದರ ಬಲ.

ಮುಂದೆ ಕಾದಂಬರಿ ಹಿಡಿದಾಗ ದಿನಕ್ಕೆ 20 ಪುಟ ಇಟ್ಟುಕೊಳ್ಳಿ. 50 ಪುಟ ದಾಟಿದರೂ ಒಂದು ಸಾಲನ್ನಾದರೂ ಗಟ್ಟಿಯಾಗಿ ಓದಬೇಕೆನಿಸದಿದ್ದರೆ ಅದನ್ನು ಬಿಟ್ಟು ಬೇರೆಯದನ್ನು ತೆಗೆದುಕೊಳ್ಳಿ.